ಬ್ರಿಟನ್ ಬಾಗಿಲು ಸಣ್ಣದಾಯಿತು, ಜರ್ಮನಿ ಬೋರ್ಡ್ ದೊಡ್ಡದಾಯಿತು: ನರ್ಸಿಂಗ್ ಓದಿದ ಮಕ್ಕಳ ಮನೆಯವರು ದುಡ್ಡು ಕೊಡುವ ಮೊದಲು ನೋಡಬೇಕಾದ ಲೆಕ್ಕ

ಬೆಳ್ತಂಗಡಿ: ಉಜಿರೆ, ಮಡಂತ್ಯಾರು, ಕೊಕ್ಕಡ, ಕಕ್ಕಿಂಜೆ ಕಡೆ ಕೇಳಿದರೆ ಹತ್ತಿರದ ಸಂಬಂಧದಲ್ಲಿ ಒಬ್ಬರಾದರೂ ನರ್ಸ್ ಇರ್ತಾರೆ. ಅಕ್ಕ ಕುವೈತ್‌ನಲ್ಲಿ, ಚಿಕ್ಕಮ್ಮನ ಮಗಳು ಐರ್ಲೆಂಡ್‌ನಲ್ಲಿ, ಪಕ್ಕದ ಮನೆಯ ಹುಡುಗ ಲಂಡನ್‌ನಲ್ಲಿ. ಊರಿನ ಹೊಸ ಮನೆ, ಅಂಗಳದ ಕಾರು, ತಂಗಿಯ ಮದುವೆಯ ಚಿನ್ನ, ಇದರ ಹಿಂದೆ ಎಲ್ಲೋ ಒಂದು ಆಸ್ಪತ್ರೆಯ ನೈಟ್ ಡ್ಯೂಟಿ ಇರ್ತದೆ ಅಂತ ಅಂಗಡಿಯವರಿಗೂ ಗೊತ್ತು. ಹಾಗಾಗಿ ಪಿಯುಸಿ ಮುಗಿದ ಕೂಡಲೇ "ನರ್ಸಿಂಗ್ ಮಾಡಿಸಿಬಿಡುವ, ಫಾರಿನ್ ಗ್ಯಾರಂಟಿ" ಎನ್ನುವ ಮಾತು ಬರುವುದು ಸಹಜ.

ಆದರೆ ಕಳೆದ ಎರಡು ವರ್ಷದಲ್ಲಿ ಆ ಗ್ಯಾರಂಟಿಯ ಲೆಕ್ಕ ಬದಲಾಗಿದೆ. ಬ್ರಿಟನ್ನಿನ ಆಸ್ಪತ್ರೆಗಳು ಹೊರಗಿನಿಂದ ನರ್ಸ್‌ಗಳನ್ನು ಕರೆಸುವುದನ್ನು ಬಹಳ ಕಡಿಮೆ ಮಾಡಿವೆ. ಅಮೆರಿಕದ ಸಾಲು ಹನುಮಂತನ ಬಾಲದ ಹಾಗೆ ಬೆಳೆದಿದೆ. ಜರ್ಮನಿ ಕರೆಯುತ್ತಿದೆ, ಆದರೆ ಮೊದಲು ಭಾಷೆ ಕಲಿತು ಬಾ ಅಂತಿದೆ. ಇದೆಲ್ಲ ಗೊತ್ತಿಲ್ಲದ ಮನೆಯವರು ಈಗಲೂ ನಾಲ್ಕು ವರ್ಷ ಹಿಂದಿನ ಕಥೆ ಕೇಳಿ ಬ್ಯಾಂಕಿನಲ್ಲಿ ಚಿನ್ನ ಇಡುತ್ತಿದ್ದಾರೆ.

ಮೂರು ಕಾಗದ, ಮೂರು ಕಚೇರಿ

ಮೊದಲು ಒಂದು ವಿಷಯ ಸ್ಪಷ್ಟ ಆಗಬೇಕು. ಓದಿದ ಸರ್ಟಿಫಿಕೇಟ್ ಬೇರೆ, ಆ ದೇಶದಲ್ಲಿ ನರ್ಸ್ ಆಗಿ ಕೆಲಸ ಮಾಡುವ ಲೈಸೆನ್ಸ್ ಬೇರೆ, ಆ ದೇಶದೊಳಗೆ ಕಾಲಿಡುವ ವೀಸಾ ಬೇರೆ. ಸರ್ಟಿಫಿಕೇಟ್ ಕೊಡುವುದು ಇಲ್ಲಿಯ ವಿಶ್ವವಿದ್ಯಾಲಯ ಅಥವಾ ಪರೀಕ್ಷಾ ಮಂಡಳಿ. ಲೈಸೆನ್ಸ್ ಕೊಡುವುದು ಅಲ್ಲಿಯ ನರ್ಸಿಂಗ್ ಕೌನ್ಸಿಲ್. ವೀಸಾ ಕೊಡುವುದು ಅಲ್ಲಿಯ ಸರ್ಕಾರ. ಒಂದು ಸಿಕ್ಕಿತು ಅಂತ ಇನ್ನೊಂದು ತನ್ನಿಂದ ತಾನೇ ಬರುವುದಿಲ್ಲ. ಏಜೆಂಟ್ ಮಾತ್ರ ಮೂರನ್ನೂ ಒಂದೇ ಪ್ಯಾಕೇಟಿನಲ್ಲಿ ಕಟ್ಟಿ "ಇಷ್ಟು ಲಕ್ಷ" ಅಂತ ಒಂದೇ ರೇಟು ಹೇಳ್ತಾನೆ. ಮೋಸ ಬಹುಪಾಲು ಹುಟ್ಟುವುದು ಆ ಪ್ಯಾಕೇಟಿನೊಳಗೇ.

ಯಾವ ದೇಶಕ್ಕೆ ಹೋಗುವುದಿದ್ದರೂ ಮೊದಲ ಕೆಲಸ ಬೆಂಗಳೂರಿನಲ್ಲಿ. ಬಿಎಸ್ಸಿ ನರ್ಸಿಂಗ್ ಆಗಲಿ, ಜಿಎನ್‌ಎಂ ಡಿಪ್ಲೊಮಾ ಆಗಲಿ, ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಹೊರಗಿನ ಕೌನ್ಸಿಲ್‌ಗಳು ಅರ್ಜಿದಾರರ ಮಾತು ನಂಬುವುದಿಲ್ಲ. "ಈ ನರ್ಸ್ ನಿಮ್ಮಲ್ಲಿ ನೋಂದಣಿ ಆಗಿದ್ದಾರಾ, ಇವರ ಮೇಲೆ ಏನಾದರೂ ಕ್ರಮ ಉಂಟಾ" ಅಂತ ಕೌನ್ಸಿಲ್‌ನಿಂದಲೇ ಉತ್ತರ ಕೇಳ್ತಾರೆ. ಡಿಗ್ರಿಯವರು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಬೇಕು. ಇದು ಮಾರ್ಕ್ಸ್ ಕಾರ್ಡ್ ಅಲ್ಲ. ಯಾವ ವಿಷಯ ಎಷ್ಟು ಗಂಟೆ ಓದಿದ್ದು, ವಾರ್ಡಿನಲ್ಲಿ ಎಷ್ಟು ಗಂಟೆ ಕೆಲಸ ಮಾಡಿದ್ದು ಎಂಬ ಲೆಕ್ಕ ಅದರಲ್ಲಿರ್ತದೆ. ಕ್ಲಾಸಿಗೇ ಹೋಗದೆ ಪರೀಕ್ಷೆಗೆ ಮಾತ್ರ ಬಂದು ಸರ್ಟಿಫಿಕೇಟ್ ಪಡೆದವರಿಗೆ ಕಷ್ಟ ಶುರುವಾಗುವುದು ಇಲ್ಲಿಂದ. ಕಾಗದದಲ್ಲಿ ಗಂಟೆ ತುಂಬಿಸಬಹುದು, ಮುಂದೆ ಪರೀಕ್ಷಕನ ಎದುರು ಇಂಜೆಕ್ಷನ್ ಹಿಡಿದು ನಿಂತಾಗ ತುಂಬಿಸಲು ಆಗುವುದಿಲ್ಲ.

ಇನ್ನೊಂದು ತಲೆನೋವು ಹೆಸರಿನದ್ದು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ "ಸುಮಾ ಕೆ." ಅಂತ ಇರ್ತದೆ. ಪಾಸ್‌ಪೋರ್ಟ್‌ನಲ್ಲಿ ಆ ಕೆ ಬಿಡಿಸಿ ಅಪ್ಪನ ಹೆಸರಾಗಿರ್ತದೆ. ಮದುವೆ ಆದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿರ್ತದೆ. ನಮ್ಮ ಕಡೆ ಮೂರೂ ಒಬ್ಬಳೇ ಅಂತ ಪೋಸ್ಟ್‌ಮ್ಯಾನ್‌ಗೂ ಗೊತ್ತು. ವಿದೇಶದಲ್ಲಿ ಕೂತು ಫೈಲ್ ನೋಡುವವನಿಗೆ ಅದು ಮೂವರು ಬೇರೆ ಬೇರೆ ಹೆಂಗಸರು. ಪರೀಕ್ಷೆಗೆ ಹಣ ಕಟ್ಟುವ ಮೊದಲೇ ಹೆಸರು ಒಂದೇ ರೀತಿ ಮಾಡಿಸಿಕೊಂಡವರಿಗೆ ಉಳಿಯುವ ಸಮಯ ಸಣ್ಣದಲ್ಲ.

ಬ್ರಿಟನ್: ಎರಡು ಪರೀಕ್ಷೆ, ಎಂಟು ತಿಂಗಳ ಗಡುವು

ಇತ್ತೀಚಿನ ವರ್ಷಗಳಲ್ಲಿ ಭಾರತದಿಂದ ಅತಿ ಹೆಚ್ಚು ನರ್ಸ್‌ಗಳು ಹೋದ ದೇಶಗಳಲ್ಲಿ ಬ್ರಿಟನ್ ಒಂದು. ಅಲ್ಲಿಯ ಕೌನ್ಸಿಲ್ ಹೆಸರು ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಚಿಕ್ಕದಾಗಿ ಎನ್‌ಎಂಸಿ. ನಮ್ಮಲ್ಲಿ ಡಾಕ್ಟರುಗಳ ಆಯೋಗಕ್ಕೂ ಎನ್‌ಎಂಸಿ ಅಂತಾರೆ, ಎರಡನ್ನೂ ಕಲಸಿಕೊಳ್ಳಬಾರದು.

ಮೊದಲು ಇಂಗ್ಲಿಷ್. ಐಇಎಲ್‌ಟಿಎಸ್ ಬರೆದರೆ ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ 7, ಬರೆಯುವುದರಲ್ಲಿ 6.5 ಬೇಕು. ಇಲ್ಲವಾದರೆ ಆರೋಗ್ಯ ಕ್ಷೇತ್ರದವರಿಗೇ ಮಾಡಿದ ಒಇಟಿ ಪರೀಕ್ಷೆ. ಅದರಲ್ಲಿ ಮೂರು ವಿಭಾಗಕ್ಕೆ 350, ಬರವಣಿಗೆಗೆ 300 ಅಂಕ. ಎರಡರಲ್ಲಿ ಯಾವುದು ಸುಲಭ ಎಂಬ ಚರ್ಚೆ ಹಾಸ್ಟೆಲುಗಳಲ್ಲಿ ಮುಗಿಯುವುದೇ ಇಲ್ಲ. ಒಇಟಿಯಲ್ಲಿ ರೋಗಿಯ ಕೇಸ್ ನೋಟ್ಸ್ ಓದಿ ಇನ್ನೊಬ್ಬ ನರ್ಸ್‌ಗೋ ಡಾಕ್ಟರ್‌ಗೋ ಪತ್ರ ಬರೆಯಬೇಕು, ರೋಗಿಯ ಜೊತೆ ಮಾತಾಡಿದ ಹಾಗೆ ಮಾತಾಡಿ ತೋರಿಸಬೇಕು. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಇದು ಹತ್ತಿರ ಅನ್ನಿಸ್ತದೆ. ಆದರೆ ಶುಲ್ಕ ಐಇಎಲ್‌ಟಿಎಸ್‌ಗಿಂತ ಬಹಳ ಜಾಸ್ತಿ. ಕನ್ನಡ ಮಾಧ್ಯಮದಲ್ಲಿ ಹತ್ತನೇವರೆಗೆ ಓದಿದ ಮಕ್ಕಳಿಗೆ ನರ್ಸಿಂಗ್ ಪರೀಕ್ಷೆಗಿಂತ ಈ ಇಂಗ್ಲಿಷ್ ಪರೀಕ್ಷೆಯೇ ದೊಡ್ಡ ಗುಡ್ಡ. ಎರಡು ಮೂರು ಸಲ ಬರೆಯುವವರು ಅಪರೂಪವಲ್ಲ, ಪ್ರತಿ ಸಲವೂ ಹಣ ಹೊಸದಾಗಿ ಕಟ್ಟಬೇಕು.

ಆಮೇಲೆ ಸಿಬಿಟಿ, ಅಂದರೆ ಕಂಪ್ಯೂಟರ್ ಮೇಲಿನ ಪರೀಕ್ಷೆ. ಇದನ್ನು ಭಾರತದಲ್ಲೇ ಬರೆಯಬಹುದು. ಎರಡು ಭಾಗ: ಒಂದು ಲೆಕ್ಕ, 15 ಪ್ರಶ್ನೆ, ಇನ್ನೊಂದು ನರ್ಸಿಂಗ್ ವಿಷಯ, 100 ಪ್ರಶ್ನೆ. ಲೆಕ್ಕ ಅಂದರೆ ದೊಡ್ಡದೇನಲ್ಲ, ಇಷ್ಟು ಮಿಲಿಗ್ರಾಂ ಔಷಧಕ್ಕೆ ಎಷ್ಟು ಎಂಎಲ್, ಡ್ರಿಪ್ ಗಂಟೆಗೆ ಎಷ್ಟು ಹೋಗಬೇಕು ಎಂಬಂಥದ್ದು. ಅಂಗಡಿ ಲೆಕ್ಕದಷ್ಟೇ ಸರಳ, ಆದರೆ ಒಂದು ಸೊನ್ನೆ ತಪ್ಪಿದರೆ ರೋಗಿ ಹೋಗ್ತಾನೆ, ಹಾಗಾಗಿ ಅದನ್ನು ಬೇರೆಯೇ ಪಾಸಾಗಬೇಕು.

ನಿಜವಾದ ಪರೀಕ್ಷೆ ಬ್ರಿಟನ್ನಿಗೆ ಹೋದ ಮೇಲೆ. ಅದಕ್ಕೆ ಆಸ್ಕಿ ಅಂತ ಕರೀತಾರೆ. ಹತ್ತು ನಿಲ್ದಾಣ. ಒಂದರಲ್ಲಿ ರೋಗಿಯಾಗಿ ನಟಿಸುವವರ ಹತ್ತಿರ ಕೂತು ವಿಚಾರಿಸಬೇಕು, ಇನ್ನೊಂದರಲ್ಲಿ ಆರೈಕೆಯ ಯೋಜನೆ ಬರೆಯಬೇಕು, ಮತ್ತೊಂದರಲ್ಲಿ ಔಷಧ ಕೊಡಬೇಕು, ಕೆಲವು ಕಡೆ ಕೈಚಳಕ ತೋರಿಸಬೇಕು. ಎಲ್ಲ ಕಡೆಯೂ ಪರೀಕ್ಷಕರು ನೋಡುವುದು ಔಷಧ ಸರಿಯಾ ಅಂತ ಮಾತ್ರ ಅಲ್ಲ. ಕೈ ತೊಳೆದರಾ, ತನ್ನ ಹೆಸರು ಹೇಳಿದರಾ, ರೋಗಿಯ ಒಪ್ಪಿಗೆ ಕೇಳಿದರಾ, ಅಲರ್ಜಿ ಉಂಟಾ ಅಂತ ವಿಚಾರಿಸಿದರಾ? ನಮ್ಮ ಆಸ್ಪತ್ರೆಗಳಲ್ಲಿ ಒಬ್ಬ ನರ್ಸ್‌ಗೆ ಇಪ್ಪತ್ತು ಮೂವತ್ತು ರೋಗಿ ಇರುವಾಗ "ನಮಸ್ಕಾರ, ನಾನು ಇಂಥವಳು, ನಿಮಗೆ ಇಂಜೆಕ್ಷನ್ ಕೊಡಬಹುದಾ" ಅಂತ ಕೇಳಲು ಪುರುಸೊತ್ತು ಎಲ್ಲಿ? ಐದಾರು ವರ್ಷ ಅನುಭವ ಇರುವವರೂ ಇಲ್ಲಿ ಎಡವುವುದಕ್ಕೆ ಕಾರಣ ಜ್ಞಾನದ ಕೊರತೆ ಅಲ್ಲ, ಅವಸರದಲ್ಲಿ ಬೆಳೆದ ಅಭ್ಯಾಸ.

ಕೆಲಸಕ್ಕೆ ಸೇರಿದ ಮೂರು ತಿಂಗಳೊಳಗೆ ಮೊದಲ ಪ್ರಯತ್ನ ಆಗಬೇಕು, ಎಂಟು ತಿಂಗಳೊಳಗೆ ಪಾಸಾಗಿ ನೋಂದಣಿ ಆಗಬೇಕು ಎಂಬುದು ವೀಸಾದ ಷರತ್ತು. ಒಂದು ಅರ್ಜಿಯಲ್ಲಿ ಮೂರು ಪ್ರಯತ್ನ. ಮೂರೂ ಹೋದರೆ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ಕೆಲಸ, ವೀಸಾ ಎರಡೂ ಕೈಬಿಟ್ಟಿರುವ ಸಾಧ್ಯತೆ ಹೆಚ್ಚು. ಅಲ್ಲಿಯವರೆಗೆ ಅವರು ನರ್ಸ್ ಅಲ್ಲ, ಸಹಾಯಕರು ಮಾತ್ರ.

ಖರ್ಚಿನ ವಿಷಯ. ಇತ್ತೀಚಿನವರೆಗೆ ಎನ್‌ಎಂಸಿಯ ಶುಲ್ಕ ಅರ್ಜಿಗೆ 140 ಪೌಂಡ್, ಸಿಬಿಟಿಗೆ 83, ಆಸ್ಕಿಗೆ 794, ನೋಂದಣಿಗೆ 153. ಒಟ್ಟು 1,170 ಪೌಂಡ್, ಅಂದರೆ ಒಂದು ಲಕ್ಷ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು. ಇದರಲ್ಲಿ ದೊಡ್ಡದಾದ ಆಸ್ಕಿ ಹಣವನ್ನು ಕರೆಸಿಕೊಳ್ಳುವ ಆಸ್ಪತ್ರೆಯೇ ಕಟ್ಟುವುದು ಸಾಮಾನ್ಯ. ಇನ್ನೂ ಮುಖ್ಯವಾದದ್ದು: ಬ್ರಿಟನ್ ಸರ್ಕಾರದ ನೇಮಕಾತಿ ಸಂಹಿತೆಯ ಪ್ರಕಾರ ಏಜೆನ್ಸಿಗಳು ನರ್ಸ್‌ಗಳಿಂದ ನೇಮಕಾತಿಗೆ ಅಂತ ಹಣ ತೆಗೆದುಕೊಳ್ಳುವಂತೆಯೇ ಇಲ್ಲ. ಅವರಿಗೆ ದುಡ್ಡು ಕೊಡುವುದು ಆಸ್ಪತ್ರೆ. ಹಾಗಿರುವಾಗ ಇಲ್ಲಿ ಪೇಟೆಯಲ್ಲಿ ಕೂತು "ಯುಕೆಗೆ ಐದು ಲಕ್ಷ, ಎಂಟು ಲಕ್ಷ" ಅಂತ ಕೇಳುವ ವ್ಯಕ್ತಿ ಯಾವ ಲೆಕ್ಕದಲ್ಲಿ ಕೇಳ್ತಾನೆ?

ಕೇಳುವುದಕ್ಕೆ ಒಂದು ಕಾರಣ ಉಂಟು. ನರ್ಸ್ ಕೆಲಸ ಅಂತ ಹೇಳಿ ಎಷ್ಟೋ ಜನರನ್ನು ಕಳಿಸಿದ್ದು ಕೇರ್ ವರ್ಕರ್ ವೀಸಾದಲ್ಲಿ, ಅಂದರೆ ವೃದ್ಧರ ಮನೆಗಳಲ್ಲಿ ನೋಡಿಕೊಳ್ಳುವ ಕೆಲಸಕ್ಕೆ. ಅದಕ್ಕೆ ನರ್ಸಿಂಗ್ ಲೈಸೆನ್ಸ್ ಬೇಡ, ಆಸ್ಕಿ ಬೇಡ. "ಪರೀಕ್ಷೆ ಇಲ್ಲದೆ ಯುಕೆ" ಎಂಬ ಜಾಹೀರಾತಿನ ಗುಟ್ಟು ಅದೇ. ಆ ಬಾಗಿಲನ್ನು ಬ್ರಿಟನ್ ಸರ್ಕಾರ 2025ರ ಜುಲೈ 22ರಿಂದ ಹೊರದೇಶದವರ ಹೊಸ ನೇಮಕಾತಿಗೆ ಮುಚ್ಚಿದೆ. ನರ್ಸ್ ವೀಸಾ ಮುಚ್ಚಿಲ್ಲ, ಆದರೆ ಅಲ್ಲಿ ಓದಿ ಹೊರಬಂದ ಹೊಸ ನರ್ಸ್‌ಗಳಿಗೇ ಕೆಲಸ ಸಿಗುವುದು ಕಷ್ಟವಾಗಿ, ಆಸ್ಪತ್ರೆಗಳು ಹೊರಗಿನವರನ್ನು ಕರೆಸುವುದು ಇಳಿದಿದೆ. ಖಾಯಂ ನಿವಾಸಕ್ಕೆ ಐದು ವರ್ಷದ ಬದಲು ಹತ್ತು ವರ್ಷ ಮಾಡುವ ಪ್ರಸ್ತಾಪವನ್ನೂ ಅಲ್ಲಿಯ ಸರ್ಕಾರ 2025ರ ಮೇ ತಿಂಗಳಲ್ಲಿ ಮುಂದಿಟ್ಟಿತು. ಸಿಬಿಟಿ ಪಾಸಾಗಿ, ಇಂಗ್ಲಿಷ್ ಪಾಸಾಗಿ ಇಂಟರ್‌ವ್ಯೂಗೆ ಕಾಯುತ್ತಾ ಕೂತರೆ ಇಂಗ್ಲಿಷ್ ಪರೀಕ್ಷೆಯ ಎರಡು ವರ್ಷದ ಅವಧಿಯೇ ಮುಗಿದು ಹೋಗಬಹುದು.

ಅಮೆರಿಕ: ಪಾಸಾಗುವುದು ಬೇಗ, ಹೋಗುವುದು ತಡ

ಅಮೆರಿಕದ ಪರೀಕ್ಷೆ ಎನ್‌ಕ್ಲೆಕ್ಸ್. ಬೆಂಗಳೂರಿನಲ್ಲೇ ಬರೆಯಬಹುದು. ಕಡಿಮೆ ಎಂದರೆ 85, ಹೆಚ್ಚೆಂದರೆ 150 ಪ್ರಶ್ನೆ, ಐದು ಗಂಟೆ ಸಮಯ. ಸರಿ ಉತ್ತರ ಕೊಟ್ಟರೆ ಕಂಪ್ಯೂಟರ್ ಮುಂದಿನ ಪ್ರಶ್ನೆ ಕಷ್ಟ ಕೊಡ್ತದೆ, ತಪ್ಪಾದರೆ ಸುಲಭದ್ದು. ಈ ವ್ಯಕ್ತಿ ಸುರಕ್ಷಿತವಾಗಿ ಕೆಲಸ ಮಾಡಬಲ್ಲರು ಅಥವಾ ಇಲ್ಲ ಎಂಬುದು ಖಚಿತವಾದ ಕೂಡಲೇ ಅದು ತಾನೇ ನಿಲ್ತದೆ. ಅಂಕ ಇಲ್ಲ, ಪಾಸ್ ಅಥವಾ ಫೇಲ್. ಶುಲ್ಕ 200 ಡಾಲರ್, ಅಮೆರಿಕದ ಹೊರಗೆ ಬರೆದರೆ ಇನ್ನೂ 150. ಫೇಲಾದರೆ ಮತ್ತೆ ಬರೆಯಲು ಕನಿಷ್ಠ 45 ದಿನ ಕಾಯಬೇಕು. ಅದಕ್ಕೂ ಮೊದಲು ಅಲ್ಲಿಯ ಯಾವುದಾದರೂ ಒಂದು ರಾಜ್ಯದ ನರ್ಸಿಂಗ್ ಬೋರ್ಡ್‌ಗೆ ಅರ್ಜಿ ಹಾಕಿ, ಇಲ್ಲಿಯ ಓದು ಅಲ್ಲಿಗೆ ಸಮ ಎಂದು ಒಪ್ಪಿಸಬೇಕು. ಅಲ್ಲಿ ಲೈಸೆನ್ಸ್ ಕೊಡುವುದು ಕೇಂದ್ರವಲ್ಲ, ರಾಜ್ಯ.

ಪರೀಕ್ಷೆ ಪಾಸಾದರೆ ಸಿಹಿ ಹಂಚುತ್ತಾರೆ. ಆಮೇಲಿನ ಕಥೆ ಯಾರೂ ಹೇಳುವುದಿಲ್ಲ. ನರ್ಸ್‌ಗಳು ಸಾಮಾನ್ಯವಾಗಿ ಹೋಗುವುದು ಇಬಿ-3 ಎಂಬ ಗ್ರೀನ್ ಕಾರ್ಡ್ ದಾರಿಯಲ್ಲಿ. ವರ್ಷಕ್ಕೆ ಒಂದೊಂದು ದೇಶಕ್ಕೆ ಇಂತಿಷ್ಟೇ ಎಂಬ ಮಿತಿ ಉಂಟು, ಅದೂ ಹುಟ್ಟಿದ ದೇಶದ ಲೆಕ್ಕದಲ್ಲಿ. ಭಾರತದ ಸಾಫ್ಟ್‌ವೇರ್‌ನವರು, ನರ್ಸ್‌ಗಳು ಎಲ್ಲರೂ ಒಂದೇ ಸಾಲಿನಲ್ಲಿ. 2025ರ ಕೊನೆಯ ಭಾಗದ ವೀಸಾ ಬುಲೆಟಿನ್‌ನಲ್ಲಿ ಭಾರತದವರ ಸರದಿ ನಿಂತಿದ್ದು 2013ರಲ್ಲಿ ಅರ್ಜಿ ಹಾಕಿದವರ ಬಳಿ. ಹನ್ನೆರಡು ವರ್ಷ ಹಿಂದೆ! ಈಗ ಅರ್ಜಿ ಹಾಕಿದ ಇಪ್ಪತ್ತನಾಲ್ಕರ ಹುಡುಗಿಗೆ ಸರದಿ ಬರುವಾಗ ಅವಳ ಮಗು ಹೈಸ್ಕೂಲಿನಲ್ಲಿರಬಹುದು.

ಹಾಗಂತ ಎನ್‌ಕ್ಲೆಕ್ಸ್ ದಂಡ ಅಲ್ಲ. ಕೆನಡಾದ ಬಹುತೇಕ ಕಡೆ ಅದೇ ಪರೀಕ್ಷೆ. ಆಸ್ಟ್ರೇಲಿಯಾ ಕೂಡ ಹೊರಗಿನ ನರ್ಸ್‌ಗಳಿಗೆ ಮೊದಲ ಹಂತವಾಗಿ ಎನ್‌ಕ್ಲೆಕ್ಸ್ ಇಟ್ಟಿದೆ, ಎರಡನೇ ಹಂತದಲ್ಲಿ ಪ್ರಾಯೋಗಿಕ ಪರೀಕ್ಷೆ ಉಂಟು. 2025ರಲ್ಲಿ ಆಸ್ಟ್ರೇಲಿಯಾ ಇನ್ನೊಂದು ದಾರಿ ತೆರೆದಿದೆ: ಬ್ರಿಟನ್, ಐರ್ಲೆಂಡ್, ಸಿಂಗಾಪುರದಂಥ ಕೆಲವು ದೇಶಗಳಲ್ಲಿ ನೋಂದಾಯಿತ ನರ್ಸ್ ಆಗಿ 1,800 ಗಂಟೆ ಕೆಲಸ ಮಾಡಿದವರಿಗೆ ಮತ್ತೆ ಆ ಪರೀಕ್ಷೆಗಳಿಲ್ಲ. ಲಂಡನ್‌ನಲ್ಲಿದ್ದ ಊರಿನವರು ಇದ್ದಕ್ಕಿದ್ದ ಹಾಗೆ ಮೆಲ್ಬರ್ನ್‌ನ ಫೋಟೊ ಹಾಕಿದರೆ ಕಾರಣ ಇದಿರಬಹುದು.

ಜರ್ಮನಿ: ಬೋರ್ಡಿನಲ್ಲಿ ಇರುವುದು, ಇಲ್ಲದ್ದು

ಈಗ ಪೇಟೆಗಳಲ್ಲಿ ಕಾಣುವ ಹೊಸ ಬೋರ್ಡ್ ಜರ್ಮನ್ ಕ್ಲಾಸಿನದ್ದು. ಸುಳ್ಳಲ್ಲ, ಆ ದೇಶಕ್ಕೆ ಜನ ಬೇಕು. ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾ 20,000ದಿಂದ 90,000ಕ್ಕೆ ಏರಿಸುವುದಾಗಿ 2024ರ ಅಕ್ಟೋಬರ್‌ನಲ್ಲಿ ಜರ್ಮನಿ ಹೇಳಿತು. ಅದು ಎಲ್ಲ ಕೆಲಸದವರಿಗೂ ಸೇರಿದ ಸಂಖ್ಯೆ, ನರ್ಸ್‌ಗಳಿಗೆ ಮಾತ್ರ ಅಲ್ಲ.

ಅಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ಜರ್ಮನ್ ಭಾಷೆ ಎ1ರಿಂದ ಶುರು ಮಾಡಿ ಎ2, ಬಿ1, ಬಿ2. ನರ್ಸ್ ಆಗಿ ಪೂರ್ತಿ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಬೇಕು. ಕೆಲಸ ಬಿಟ್ಟು ದಿನವಿಡೀ ಓದಿದರೂ ಇದಕ್ಕೆ ವರ್ಷ ಹತ್ತಿರ ಹಿಡೀತದೆ. "ಮೂರು ತಿಂಗಳಲ್ಲಿ ಬಿ1" ಅಂತ ಬೋರ್ಡ್ ಹಾಕಿದವರ ಹತ್ತಿರ ಹಿಂದಿನ ಬ್ಯಾಚಿನಲ್ಲಿ ಎಷ್ಟು ಜನ ಪಾಸಾದರು ಅಂತ ಕೇಳಿದರೆ ಉತ್ತರ ಬರ್ತದಾ ನೋಡಬೇಕು.

ಕಾಗದಗಳನ್ನು ಜರ್ಮನ್‌ಗೆ ಅನುವಾದಿಸಿ ಅಲ್ಲಿಯ ರಾಜ್ಯದ ಕಚೇರಿಗೆ ಕಳಿಸಬೇಕು. ಅವರು ನಮ್ಮ ಪಠ್ಯ ಹೋಲಿಸಿ ಕೊರತೆಯ ಪಟ್ಟಿ ಕೊಡ್ತಾರೆ. ಭಾರತದವರಿಗೆ ಕೊರತೆ ಇಲ್ಲ ಅಂತ ನೇರ ಮಾನ್ಯತೆ ಸಿಗುವುದು ಅಪರೂಪ. ಅದನ್ನು ತುಂಬಲು ಅಲ್ಲಿಗೆ ಹೋಗಿ ತರಬೇತಿ ಮಾಡಬೇಕು, ಇಲ್ಲವಾದರೆ ಜ್ಞಾನ ಪರೀಕ್ಷೆ ಬರೆಯಬೇಕು. ಅಲ್ಲಿಯವರೆಗೆ ಸಹಾಯಕರ ಕೆಲಸ, ಸಹಾಯಕರ ಸಂಬಳ. ಒಂದು ಸಮಾಧಾನ, ಮೂರು ವರ್ಷದ ಜಿಎನ್‌ಎಂ ಮಾಡಿದವರೂ ಇಲ್ಲಿ ಅರ್ಜಿ ಹಾಕಬಹುದು, ಯಾಕೆಂದರೆ ಅಲ್ಲಿಯ ನರ್ಸಿಂಗ್ ತರಬೇತಿಯೇ ಮೂರು ವರ್ಷದ್ದು.

ಇನ್ನೊಂದು ಪದ ಬಹಳ ಓಡಾಡ್ತದೆ: ಔಸ್‌ಬಿಲ್ಡುಂಗ್. ಅದು ಪಿಯುಸಿ ಮುಗಿಸಿದವರು ಅಲ್ಲಿಗೇ ಹೋಗಿ ಸ್ಟೈಪೆಂಡ್ ಪಡೆಯುತ್ತಾ ಮೂರು ವರ್ಷ ನರ್ಸಿಂಗ್ ಕಲಿಯುವ ದಾರಿ. ಹೊಸಬರಿಗೆ ಒಳ್ಳೆಯದೇ. ಆದರೆ ಇಲ್ಲಿ ನಾಲ್ಕು ವರ್ಷ ಬಿಎಸ್ಸಿ ಮಾಡಿ ಎಜುಕೇಶನ್ ಲೋನ್ ಕಟ್ಟುತ್ತಿರುವವರನ್ನೂ ಅದಕ್ಕೇ ಸೇರಿಸಿ ಕಳಿಸಿದರೆ, ಅವರು ಓದಿದ್ದನ್ನೇ ಮೊದಲಿಂದ ಓದಬೇಕು. ಏಜೆಂಟ್‌ಗೆ ಯಾವ ದಾರಿಯಲ್ಲಿ ಕಳಿಸಿದರೂ ಒಂದೇ.

ಜರ್ಮನಿ ಸರ್ಕಾರವೇ ನಡೆಸುವ ಟ್ರಿಪಲ್ ವಿನ್ ಎಂಬ ಯೋಜನೆಯಲ್ಲಿ ನರ್ಸ್‌ಗಳಿಗೆ ಭಾಷಾ ತರಬೇತಿಯೂ ಸೇರಿ ಖರ್ಚಿಲ್ಲ, ಕೆಲಸ ಕೊಡುವವರು ಭರಿಸ್ತಾರೆ. ಕೇರಳ ಸರ್ಕಾರದ ನೋರ್ಕಾ ಸಂಸ್ಥೆ 2021ರಲ್ಲೇ ಇದಕ್ಕೆ ಕೈಜೋಡಿಸಿತು. ನಮ್ಮಲ್ಲಿ ನರ್ಸಿಂಗ್ ಕಾಲೇಜುಗಳ ಸಂಖ್ಯೆ ದೇಶದಲ್ಲೇ ಅತಿ ಹೆಚ್ಚು, ಕೇರಳದ ಮಕ್ಕಳು ಇಲ್ಲಿ ಬಂದು ಓದ್ತಾರೆ. ಕಳಿಸುವ ವ್ಯವಸ್ಥೆ ಮಾತ್ರ ಅವರ ಹತ್ತಿರ ಗಟ್ಟಿಯಾಗಿದೆ. ಕರ್ನಾಟಕದಲ್ಲೂ ಕೌಶಲ ಅಭಿವೃದ್ಧಿ ನಿಗಮದ ಕೆಳಗೆ ಅಂತರರಾಷ್ಟ್ರೀಯ ವಲಸೆ ಕೇಂದ್ರ ಉಂಟು. ತಾಲೂಕು ಮಟ್ಟದಲ್ಲಿ ಅದರ ಹೆಸರು ಕೇಳಿದವರು ಎಷ್ಟು ಜನ ಎಂಬುದೇ ಪ್ರಶ್ನೆ.

ಗಲ್ಫ್: ಹಳೆ ದಾರಿ, ಹಳೆ ಹೊಂಡ

ಗಲ್ಫ್‌ನಲ್ಲಿ ಪ್ರತಿ ದೇಶಕ್ಕೂ, ಯುಎಇಯಲ್ಲಾದರೆ ದುಬೈಗೆ ಒಂದು, ಅಬುಧಾಬಿಗೆ ಒಂದು ಅಂತ ಬೇರೆ ಬೇರೆ ಲೈಸೆನ್ಸ್. ಸಾಮಾನ್ಯ ಕ್ರಮ ಎರಡು ಹಂತ. ಡೇಟಾಫ್ಲೋ ಎಂಬ ಸಂಸ್ಥೆ ಕಾಲೇಜು, ಕೌನ್ಸಿಲ್, ಕೆಲಸ ಮಾಡಿದ ಆಸ್ಪತ್ರೆ ಎಲ್ಲ ಕಡೆ ನೇರವಾಗಿ ಕೇಳಿ ಕಾಗದ ಅಸಲಿಯಾ ಅಂತ ನೋಡ್ತದೆ. ಜೊತೆಗೆ ಕಂಪ್ಯೂಟರ್ ಪರೀಕ್ಷೆ. ಹಲವು ಕಡೆ ಎರಡು ವರ್ಷದ ಅನುಭವ ಕೇಳುವುದರಿಂದ, ಕೆಲಸವೇ ಮಾಡದ ಆಸ್ಪತ್ರೆಯ ಅನುಭವ ಪತ್ರ ಮಾಡಿಸಿಕೊಡುವ ದಂಧೆ ಹುಟ್ಟಿಕೊಂಡಿದೆ. ಅಂಥ ಪತ್ರ ಸಿಕ್ಕಿಬಿದ್ದರೆ ಹೋಗುವುದು ಆ ಅರ್ಜಿ ಒಂದೇ ಅಲ್ಲ. ಸುಳ್ಳು ಕಾಗದ ಎಂಬ ಕಪ್ಪುಚುಕ್ಕೆ ನರ್ಸ್ ಹೆಸರಿಗೆ ಅಂಟಿಕೊಳ್ತದೆ. ಪತ್ರ ಮಾಡಿಕೊಟ್ಟವನ ಹೆಸರಿಗೆ ಎಂತದೂ ಆಗುವುದಿಲ್ಲ.

ಹಣದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1983ರ ವಲಸೆ ಕಾಯ್ದೆ ಪ್ರಕಾರ ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್‌ಗೆ ಕೇಂದ್ರದ ನೋಂದಣಿ ಬೇಕು. ಅವರು ಒಬ್ಬರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅವರ ಹೆಸರಿನಲ್ಲಿ ಸಬ್ ಏಜೆಂಟ್ ಅಂತ ಊರೂರು ತಿರುಗುವವರಿಗೆ ಮಾನ್ಯತೆ ಇಲ್ಲ. ಗಲ್ಫ್ ಸೇರಿ 18 ದೇಶಗಳಿಗೆ ನರ್ಸ್‌ಗಳು ಹೋಗುವುದಕ್ಕೆ 2015ರಿಂದ ಇ-ಮೈಗ್ರೇಟ್ ಮೂಲಕ ಅನುಮತಿ ಕಡ್ಡಾಯ, ನೇಮಕಾತಿಯನ್ನೂ ಸರ್ಕಾರಿ ಸಂಸ್ಥೆಗಳ ಮೂಲಕ ಮಾಡುವ ವ್ಯವಸ್ಥೆ ಬಂತು. ಹಾಗೆ ಮಾಡಿದ್ದಕ್ಕೆ ಹಿನ್ನೆಲೆ ಉಂಟು. ಅದೇ ವರ್ಷ ಕೊಚ್ಚಿಯಲ್ಲಿ ಸಿಬಿಐ ಒಂದು ಪ್ರಕರಣ ದಾಖಲಿಸಿತು. ಕುವೈತ್‌ಗೆ ಹೋಗುವ ಪ್ರತಿ ನರ್ಸ್‌ನಿಂದ 19,500 ರೂಪಾಯಿ ತೆಗೆದುಕೊಳ್ಳಬೇಕಿದ್ದ ಏಜೆನ್ಸಿ 19.5 ಲಕ್ಷ ವಸೂಲಿ ಮಾಡಿತು ಎಂಬುದು ಆರೋಪ. ವಲಸಿಗರನ್ನು ಕಾಯಬೇಕಾದ ಕೇಂದ್ರದ ಅಧಿಕಾರಿಯೇ ಆರೋಪಿಗಳಲ್ಲಿ ಒಬ್ಬರಾದರು.

ಈ ಮಿತಿಯಿಂದ ತಪ್ಪಿಸಿಕೊಳ್ಳಲು ಈಗ ಹೆಸರು ಬದಲಾಗಿದೆ. "ನಾವು ರಿಕ್ರೂಟ್‌ಮೆಂಟ್ ಮಾಡುವುದಿಲ್ಲ, ಬರೀ ಕನ್ಸಲ್ಟೆನ್ಸಿ, ಕೋಚಿಂಗ್, ಫೈಲ್ ಪ್ರೊಸೆಸಿಂಗ್" ಅಂತಾರೆ. ರಸೀದಿಯಲ್ಲಿ ತರಬೇತಿ ಶುಲ್ಕ ಅಂತ ಬರೀತಾರೆ. ನಾಳೆ ಕೆಲಸ ಸಿಗದಿದ್ದರೆ "ನಾವು ಕೆಲಸ ಕೊಡಿಸ್ತೇವೆ ಅಂತ ಎಲ್ಲಿ ಬರೆದಿದೆ" ಅಂತ ಅದೇ ರಸೀದಿ ತೋರಿಸ್ತಾರೆ. ಪೊಲೀಸ್ ಠಾಣೆಗೆ ಹೋದರೂ ಕೇಸು ನಿಲ್ಲುವುದು ಕಷ್ಟ, ಯಾಕೆಂದರೆ ದೊಡ್ಡ ಮೊತ್ತ ಕೊಟ್ಟಿದ್ದು ನಗದಿನಲ್ಲಿ.

ಮತ್ತೆ ಯಾಕೆ ಹೋಗ್ತಾರೆ ಅಂತ ಕೇಳುವವರಿಗೆ: ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000ಕ್ಕಿಂತ ಕಡಿಮೆ ಇರಬಾರದು ಅಂತ ಸುಪ್ರೀಂ ಕೋರ್ಟ್ ಸೂಚನೆಯ ಮೇರೆಗೆ ರಚನೆಯಾದ ಸಮಿತಿ 2016ರಲ್ಲಿ ಶಿಫಾರಸು ಮಾಡಿತ್ತು. ಆಗಿನ 20,000! ಇವತ್ತು ತಾಲೂಕಿನ ಯಾವುದೇ ಮೆಡಿಕಲ್ ಶಾಪ್‌ನವರ ಹತ್ತಿರ ಕೇಳಿದರೆ ಪಕ್ಕದ ನರ್ಸಿಂಗ್ ಹೋಮ್‌ನಲ್ಲಿ ಹೊಸಬರಿಗೆ ಎಷ್ಟು ಕೊಡ್ತಾರೆ ಅಂತ ಹೇಳ್ತಾರೆ. ಕೆಲವು ಕಡೆ ಕೆಲಸಕ್ಕೆ ಸೇರುವಾಗ ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವ ಪದ್ಧತಿ ಇನ್ನೂ ಉಂಟು. ಕೌನ್ಸಿಲ್‌ನ ಕೆಲಸಕ್ಕೆ, ಅನುವಾದಕ್ಕೆ ಆ ಕಾಗದ ಬೇಕಾದಾಗ ಮ್ಯಾನೇಜರ್ ರಜೆಯಲ್ಲಿರ್ತಾರೆ.

ಈಗ ಓದು ಮುಗಿಸಿದವರು ಈ ವರ್ಷವೇ ವಿಮಾನ ಹತ್ತಬೇಕು ಅಂತ ಹಟ ಹಿಡಿಯುವ ಬದಲು, ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಎರಡು ವರ್ಷ ವಾರ್ಡ್ ಅನುಭವ ಮಾಡುತ್ತಾ ಒಂದು ಭಾಷಾ ಪರೀಕ್ಷೆ ಮುಗಿಸಿಕೊಂಡರೆ ಮೂರ್ನಾಲ್ಕು ದೇಶದ ದಾರಿ ಒಟ್ಟಿಗೆ ತೆರೆದಿರ್ತದೆ. ಒಂದೇ ದೇಶದ ಮೇಲೆ ಎಲ್ಲ ಹಣ ಹಾಕಿದವರಿಗೆ ಆ ಸರ್ಕಾರ ನಿಯಮ ಬದಲಿಸಿದ ದಿನ ಬೇರೆ ದಾರಿ ಇರುವುದಿಲ್ಲ.

ಏಜೆಂಟ್ ಹೇಳಿದ ಲೈಸೆನ್ಸ್ ಸಂಖ್ಯೆ ನಿಜವಾ ಅಂತ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು, ಅದಕ್ಕೆ ಲಾಗಿನ್ ಬೇಡ. ಸಚಿವಾಲಯದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800-11-3090. ಮೊಬೈಲ್‌ನಲ್ಲಿ ಐದು ನಿಮಿಷದ ಕೆಲಸ. ಅಡ್ವಾನ್ಸ್ ಕೊಡುವ ಮೊದಲಿನ ಐದು ನಿಮಿಷ ಆಗಿರಬೇಕು, ಅಷ್ಟೇ.